ಹುಬ್ಬಳ್ಳಿ–ಧಾರವಾಡ ರಸ್ತೆ: ಬಸ್ಸಿನಲ್ಲಿ ಕೂತ ಮೇಲೆ ತ್ರಾಸಿಲ್ಲ, ಅದಕ್ಕೂ ಮೊದಲು?

ನವನಗರದವ · ಬೆಳಿಗ್ಗೆ 7.50

ನಮಸ್ಕಾರ್ರೀ ಎಲ್ಲರಿಗೂ. ನಾನು ದಿನಾ ನವನಗರದಿಂದ ಧಾರವಾಡದ ಕೋರ್ಟ್ ಸರ್ಕಲ್ ಕಡೆ ಕೆಲಸಕ್ಕೆ ಹೋಗುತ್ತೇನೆ. ಈ ರಸ್ತೆಯ ಬಗ್ಗೆ ಯಾರು ಬಾಯಿ ತೆಗೆದರೂ ಎರಡೇ ಮಾತು. ಒಂದು, ಬಿಆರ್‌ಟಿಎಸ್, ಅಂದರೆ ರಸ್ತೆಯ ನಡುವೆ ಬಸ್ಸಿಗೇ ಅಂತ ಮೀಸಲಿಟ್ಟ ಲೇನ್ ಮತ್ತು ನಿಲ್ದಾಣ, ಕಿತ್ತು ಒಗೆಯಿರಿ. ಇನ್ನೊಂದು, ಹಂಗೆ ಅನ್ನುವವರಿಗೆ ತಿಳಿವಳಿಕೆ ಇಲ್ಲ. ಇವೆರಡರ ನಡುವೆ ದಿನಾ ಬಸ್ಸಿಗೆ ನಿಲ್ಲುವವರ ಮಾತು ಯಾರಿಗೂ ಕೇಳುತ್ತಿಲ್ಲ.

ಹೋದ ತಿಂಗಳು ಎರಡು ವಾರ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಟೈಮ್ ಬರೆದಿಟ್ಟೆ. ಮನೆಯಲ್ಲಿ ಎಲ್ಲರೂ ನಕ್ಕರು, ನಗಲಿ. ಬಸ್ಸಿನೊಳಗೆ ಕೂತ ಹೊತ್ತು ಹೆಚ್ಚುಕಡಿಮೆ ದಿನಾ ಒಂದೇ. ಲೆಕ್ಕ ತಪ್ಪಿಸುವುದು ಉಳಿದದ್ದು: ಮನೆಯಿಂದ ನಿಲ್ದಾಣಕ್ಕೆ ನಡೆಯುವುದು, ಅರ್ಧ ರಸ್ತೆ ದಾಟುವುದು, ಬಸ್ ಕಾಯುವುದು, ಇಳಿದು ಇನ್ನರ್ಧ ರಸ್ತೆ ದಾಟುವುದು, ಆಮೇಲೆ ಆಟೋ ಹುಡುಕುವುದು. ಕೆಲವು ದಿನ ಇದೆಲ್ಲ ಸೇರಿ ಬಸ್ಸಿನ ಪ್ರಯಾಣಕ್ಕಿಂತ ಜಾಸ್ತಿ ಆಗಿತ್ತು.

ಅಂದರೆ ನನ್ನ ಟೈಮ್ ಹೋಗುತ್ತಿರುವುದು ಲೇನ್ ಮೇಲೆ ಅಲ್ಲ, ಲೇನಿನ ಎರಡೂ ತುದಿಯಲ್ಲಿ. ನಿಮ್ಮದೂ ಹೀಗೇನಾ? ಒಂದು ವಿನಂತಿ, ಯಾವುದೋ ಡ್ರೈವರ್, ಯಾವುದೋ ಡಿಪೋ ಅಂತ ಹೆಸರು ಹಾಕಿ ಬೈಯುವುದು ಬೇಡ. ಕೆಲಸಕ್ಕೆ ಬರುವ ಮಾತು ಆಡೋಣ.

ಟೋಲ್‌ನಾಕಾ ಅಂಗಡಿ · 8.15

ಕೆಲಸಕ್ಕೆ ಬರುವ ಮಾತೇ ಹೇಳುತ್ತೇನೆ ತಗೊಳ್ಳಿ. ಲೇನ್ ಎಲ್ಲರಿಗೂ ಬಿಟ್ಟುಬಿಡಿ. ನಾನು ಬೆಳಗಿನಿಂದ ರಾತ್ರಿವರೆಗೆ ಈ ರಸ್ತೆ ನೋಡುತ್ತಾ ಕೂತಿರುತ್ತೇನೆ. ನಡುವಿನ ಎರಡು ಲೇನ್ ಖಾಲಿ ಬಿದ್ದಿರುತ್ತವೆ. ಬಾಜೂಕ ಕಾರು, ಟಂಟಂ, ಲಾರಿ, ಬೈಕ್ ಒಂದರ ಮೇಲೊಂದು. ಅಂಗಡಿ ಮುಂದೆ ಗಿರಾಕಿ ಗಾಡಿ ನಿಲ್ಲಿಸಲು ಜಾಗ ಇಲ್ಲ. ಮಳೆ ಬಂತು ಅಂದರೆ ಟೋಲ್‌ನಾಕಾ ಕೆರೆ ಆಗುತ್ತದೆ, ಅದು ಊರಿಗೇ ಗೊತ್ತು. ದಿಲ್ಲಿಯವರು 2016ರಲ್ಲೇ ತಮ್ಮ ಬಿಆರ್‌ಟಿ ಒಡೆದು ಹಾಕಿದರು. ಭೋಪಾಲದವರು ತೆಗೆದರು. ಇಂದೋರಿನಲ್ಲೂ ತೆಗೆಯಿರಿ ಅಂತ ಹೈಕೋರ್ಟ್ ಹೇಳಿತು. ಅವರೆಲ್ಲ ದಡ್ಡರಾ?

ಬಿವಿಬಿ ಹುಡುಗ · 8.32

ಅಂಕಲ್, ಖಾಲಿ ಕಾಣುವುದಕ್ಕೂ ಖಾಲಿ ಇರುವುದಕ್ಕೂ ವ್ಯತ್ಯಾಸ ಇದೆ. ಕಾರುಗಳಿರುವ ಲೇನ್ ಯಾವಾಗಲೂ ತುಂಬಿದ ಹಾಗೆ ಕಾಣುತ್ತದೆ, ಯಾಕಂದರೆ ಅವು ಮುಂದೆ ಹೋಗುತ್ತಿಲ್ಲ. ಬಸ್ ಲೇನ್ ಖಾಲಿ ಕಾಣುತ್ತದೆ, ಯಾಕಂದರೆ ಬಸ್ ಆಗಲೇ ದಾಟಿ ಹೋಯಿತು.

ಸುಮ್ನೆ ಒಂದು ಅಂದಾಜು ಲೆಕ್ಕ ಹಾಕೋಣ. ಸಿಗ್ನಲ್ ಇರುವ ಊರಿನ ರಸ್ತೆಯಲ್ಲಿ ಒಂದು ಲೇನಿನಿಂದ ತಾಸಿಗೆ 800 ಕಾರು ದಾಟಿದವು ಅಂದುಕೊಳ್ಳಿ. ಕಾರಿಗೆ ಸರಾಸರಿ ಒಂದೂವರೆ ಮಂದಿ. 1200 ಜನ ಆಯಿತು. ಅದೇ ಲೇನಿನಲ್ಲಿ ಎರಡು ನಿಮಿಷಕ್ಕೊಂದು ಬಸ್, ಬಸ್ಸಿಗೆ 60 ಜನ ಅಂದರೆ ತಾಸಿಗೆ 1800.

ಟೋಲ್‌ನಾಕಾ ಅಂಗಡಿ · 8.41

ಎರಡು ನಿಮಿಷಕ್ಕೊಂದು ಬಸ್ ಯಾವೂರಲ್ಲಿ ಬರುತ್ತದೆ ತಮ್ಮಾ?

ಬಿವಿಬಿ ಹುಡುಗ · 8.58

ಹ್ಹ ಹ್ಹ. ಅಲ್ಲೇ ನನ್ನ ಲೆಕ್ಕ ನನಗೇ ತಿರುಗಿ ಬಡಿಯುವುದು. ಮೂರು ನಿಮಿಷಕ್ಕೊಂದು ಬಂದರೆ 20 ಬಸ್, 1200 ಜನ, ಕಾರಿಗೆ ಸಮ. ಐದು ನಿಮಿಷಕ್ಕೊಂದು ಬಂದರೆ ಬರೀ 720 ಜನ. ಆಗ ನೀವು ಹೇಳಿದ್ದೇ ಖರೆ, ಆ ಲೇನ್ ದಂಡ. ಅಂದರೆ ಬಸ್ಸಿಗೆ ಅಂತ ಲೇನ್ ಮೀಸಲಿಟ್ಟ ಮೇಲೆ ಆ ಲೇನನ್ನು ದಿನಾ ದುಡಿದು ಉಳಿಸಿಕೊಳ್ಳಬೇಕು. ಎಲ್ಲ ನಂಬರಿನ ಬಸ್ ಸೇರಿ ಪೀಕ್ ಟೈಮಿನಲ್ಲಿ ಮೂರು ನಿಮಿಷಕ್ಕಿಂತ ಅಂತರ ಜಾಸ್ತಿ ಆಗಬಾರದು. ಕಿತ್ತು ಹಾಕುವ ಮೊದಲು ಇದೊಂದನ್ನು ಕೇಳೋಣ ಅಂತ ನನ್ನ ಮಾತು.

ನಿವೃತ್ತ ಕಂಡಕ್ಟರ್ · 9.40

ಮಕ್ಕಳು ಲೆಕ್ಕ ಚಲೋ ಹಾಕಿದ್ದೀರಿ. ನಾನು ಇದೇ ಪಿ.ಬಿ. ರೋಡಿನಲ್ಲಿ ಸೀಟಿ ಊದಿದವನು. 1997ರಲ್ಲಿ ವಾಯವ್ಯ ಸಾರಿಗೆ ಬೇರೆ ಸಂಸ್ಥೆ ಆದಾಗ ಇನ್ನೂ ನೌಕರಿಯಲ್ಲಿದ್ದೆ. ಆವಾಗ ಧಾರವಾಡ ಮುಟ್ಟುವುದು ಅಂದರೆ ಪ್ರತಿ ಕೈ ತೋರಿಸಿದಲ್ಲಿ ನಿಲ್ಲುವುದು, ಚಿಲ್ಲರೆಗೆ ಜಗಳ, ಒಂದೇ ಬಾಗಿಲಲ್ಲಿ ಹತ್ತುವವರು ಇಳಿಯುವವರು ಇಬ್ಬರೂ. ಈಗ ಹೊರಗೇ ಟಿಕೆಟ್, ಗೇಟಿನಲ್ಲಿ ಕ್ಯೂಆರ್ ತೋರಿಸಿ ಒಳಗೆ ಬಂದಿರುತ್ತೀರಿ, ಪ್ಲಾಟ್‌ಫಾರ್ಮಿನ ಸಮಕ್ಕೆ ಬಸ್ಸಿನ ನೆಲ. ಮುದುಕರು ಮೆಟ್ಟಿಲು ಹತ್ತುವ ಹಾಗಿಲ್ಲ. ನಿಲ್ದಾಣದಲ್ಲಿ ನಿಲ್ಲುವ ಟೈಮ್ ಭಾಳ ಕಡಿಮೆ ಆಗಿದೆ. ಇದನ್ನು ಯಾರೂ ಹೊಗಳುವುದಿಲ್ಲ, ಯಾಕಂದರೆ ಉಳಿದ ಟೈಮ್ ಕಣ್ಣಿಗೆ ಕಾಣುವುದಿಲ್ಲ.

ಈಗ ಕಾಯುವ ವಿಷಯ. ಜನ ಬಸ್ ಕಡಿಮೆ ಅನ್ನುತ್ತಾರೆ. ಕಡಿಮೆ ಇರಬಹುದು. ಆದರೆ ಅದಕ್ಕಿಂತ ದೊಡ್ಡ ರೋಗ ಜೋಡಿ ಬಸ್. ಇದು ಈ ರಸ್ತೆಯದಷ್ಟೇ ಅಲ್ಲ, ದುನಿಯಾದಾಗ ಎಲ್ಲಾ ಕಡೆ ಇದೆ. ಹೆಂಗೆ ಆಗುತ್ತದೆ ಅಂದರೆ, ಮುಂದಿನ ಬಸ್ ಒಂದು ಸಿಗ್ನಲಿನಲ್ಲಿ ಎರಡು ನಿಮಿಷ ಸಿಕ್ಕಿಕೊಂಡಿತು ಅನ್ನಿ. ಅಷ್ಟರಲ್ಲಿ ಮುಂದಿನ ನಿಲ್ದಾಣದಲ್ಲಿ ಜನ ಜಾಸ್ತಿ ಸೇರುತ್ತಾರೆ. ಅವರನ್ನು ಹತ್ತಿಸಿಕೊಳ್ಳಲು ಮತ್ತೆ ತಡ. ಅದರ ಮುಂದಿನ ನಿಲ್ದಾಣದಲ್ಲಿ ಇನ್ನೂ ಜಾಸ್ತಿ. ಹಿಂದಿನ ಬಸ್ಸಿಗೆ ಉಳಿಯುವುದು ಚಿಲ್ಲರೆ ಜನ, ಅದು ಬಾಗಿಲು ತೆಗೆದು ಹಾಕಿ ಓಡಿಬರುತ್ತದೆ. ನವನಗರ ದಾಟುವಷ್ಟರಲ್ಲಿ ಎರಡೂ ಒಂದರ ಹಿಂದೆ ಒಂದು. ಮುಂದಿನದರಲ್ಲಿ ಉಸಿರಾಡಲು ಜಾಗ ಇಲ್ಲ, ಹಿಂದಿನದರಲ್ಲಿ ಕಾಲು ಚಾಚಿ ಮಲಗಬಹುದು.

ಕಾಗದದಲ್ಲಿ ಐದು ನಿಮಿಷಕ್ಕೊಂದು ಬಸ್ ಅಂತ ಇರುತ್ತದೆ. ಜೋಡಿಯಾಗಿ ಬಂದರೆ ಅದು ಹತ್ತು ನಿಮಿಷಕ್ಕೊಂದೇ ಅಂದ ಹಾಗೆ. ಬಸ್ಸಿನ ಸಂಖ್ಯೆ ಅಷ್ಟೇ, ಡೀಸೆಲ್ ಅಷ್ಟೇ, ಕಾಯುವುದು ಮಾತ್ರ ಡಬಲ್.

ನವನಗರದವ · 9.52

ಕಾಕಾ, ಇದಕ್ಕೆ ಮದ್ದು ಏನು?

ನಿವೃತ್ತ ಕಂಡಕ್ಟರ್ · 10.10

ಮದ್ದು ಹಳೆಯದೇ. ಹಿಂದಿನ ಬಸ್ಸನ್ನು ನಡುವೆ ಎಲ್ಲಾದರೂ ಒಂದೆರಡು ನಿಮಿಷ ಹಿಡಿಯಬೇಕು. ನಮ್ಮ ಕಾಲದಲ್ಲಿ ಕಂಟ್ರೋಲರ್ ಕೈಯಲ್ಲಿ ಪುಸ್ತಕ ಹಿಡಿದು ನಿಂತಿರುತ್ತಿದ್ದ, 'ಏ ನಿಲ್ಲೋ, ಮುಂದಿನದು ಈಗ ಹೋತು' ಅನ್ನುತ್ತಿದ್ದ. ಡ್ರೈವರ್ ಬೈದುಕೊಂಡು ಚಹಾ ಕುಡಿಯುತ್ತಿದ್ದ. ಈಗ ಬಸ್ಸಿನಲ್ಲಿ ಜಿಪಿಎಸ್ ಇದೆ, ಕಂಟ್ರೋಲ್ ರೂಮ್ ಇದೆ, ನಿಲ್ದಾಣದಲ್ಲಿ ಬೋರ್ಡ್ ಇದೆ. ಆ ಕಂಟ್ರೋಲರನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನು ಬೇಕಾ? ಆದರೆ ಒಳಗೆ ಕೂತ ಪ್ಯಾಸೆಂಜರ್ ಸುಮ್ಮನಿರುವುದಿಲ್ಲ, 'ಖಾಲಿ ರಸ್ತೆಯಲ್ಲಿ ಯಾಕೆ ನಿಲ್ಲಿಸಿದಿರಿ' ಅಂತ ಕೂಗುತ್ತಾರೆ. ಅದಕ್ಕೆ ಮೈಕಿನಲ್ಲಿ ಒಂದು ಮಾತು ಹೇಳಿದರೆ ಸಾಕು.

ಸತ್ತೂರ ಸಿಸ್ಟರ್ · ಮಧ್ಯಾಹ್ನ 2.35

ಈಗ ಡ್ಯೂಟಿ ಮುಗಿಯಿತು, ಓದುತ್ತಾ ಇದ್ದೇನೆ. ನೀವೆಲ್ಲ ಬಸ್ ಬರುವ ಮಾತು ಆಡುತ್ತಿದ್ದೀರಿ. ನಾನು ರಸ್ತೆ ದಾಟುವ ಮಾತು ಆಡುತ್ತೇನೆ.

ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ. ಹೋಗುವಾಗಲೂ ದಾಟಬೇಕು, ಬರುವಾಗಲೂ ದಾಟಬೇಕು. ರಾತ್ರಿ ಪಾಳಿ ಮುಗಿಸಿ, ಇಲ್ಲವೇ ಬೆಳಗಿನ ಜಾವದ ಪಾಳಿಗೆ ಬರುವಾಗ, ಸಿಗ್ನಲ್ ಹಳದಿ ಮಿಣುಕುತ್ತಿರುತ್ತದೆ, ಲಾರಿಗಳು ಹಾರ್ನ್ ಹೊಡೆಯುತ್ತಾ ಬರುತ್ತವೆ. ಒಮ್ಮೆ ನನ್ನ ಜೊತೆಯವಳ ದುಪಟ್ಟಾ ಒಂದು ಬೈಕಿನ ಕನ್ನಡಿಗೆ ಸಿಕ್ಕು ಹರಿಯಿತು. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಆಮೇಲೆ ಆರು ತಿಂಗಳು ಅವಳು ಆ ಬಸ್ ಬಿಟ್ಟು ಬಾಡಿಗೆ ಸ್ಕೂಟಿಯಲ್ಲಿ ಬಂದಳು. ಇದು ಯಾವ ಲೆಕ್ಕದಲ್ಲೂ ಬರುವುದಿಲ್ಲ ನೋಡಿ, 'ಬಸ್ ಚಲೋ ಇದೆ ಆದರೆ ಬಸ್ಸಿಗೆ ಮುಟ್ಟಲು ಅಂಜಿಕೆ' ಅನ್ನುವುದು.

ಮೇಲ್ಸೇತುವೆ ಕಟ್ಟಿ ಅನ್ನಬೇಡಿ ಮತ್ತೆ. ಮಂಡಿ ನೋವಿನವರು, ಬ್ಯಾಗ್ ಹಿಡಿದವರು, ಬಸುರಿಯರು ಅದನ್ನು ಹತ್ತಿ ಇಳಿಯುವುದಿಲ್ಲ. ರಸ್ತೆಯನ್ನೇ ಸ್ವಲ್ಪ ಎತ್ತರಿಸಿ ದಾಟುವ ಜಾಗ ಮಾಡಿದರೆ ಗಾಡಿ ತಾನೇ ನಿಧಾನ ಆಗುತ್ತದೆ. ಒಂದು ದೊಡ್ಡ ಲೈಟು. ಜನ ಬಟನ್ ಒತ್ತಿದರೆ ಹಸಿರು ಬರುವ ಸಿಗ್ನಲ್. ಇಷ್ಟೇ.

ಟೋಲ್‌ನಾಕಾ ಅಂಗಡಿ · 2.50

ಇದು ಖರೆ ಮಾತು ಅಕ್ಕಾ. ನಮ್ಮ ಅಂಗಡಿಗೆ ಎದುರು ಕಡೆಯ ಗಿರಾಕಿ ಬರುವುದು ನಿಂತದ್ದೂ ಇದಕ್ಕೇ. ಗ್ರಿಲ್ ಹಾರಿ ಬರುತ್ತಾರೆ, ಇಲ್ಲಾ ಬರುವುದೇ ಇಲ್ಲ.

ಕೆಲಗೇರಿ ವೈನಿ · 3.20

ನಾನು ಹೇಳುವುದು ಬೇರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಸಾದಾ ಬಸ್ಸಿನಲ್ಲಿ ಟಿಕೆಟ್ಟಿಗೆ ರೊಕ್ಕ ಇಲ್ಲ. ನಡುವಿನ ಲೇನಿನಲ್ಲಿ ಓಡುವ ಚಿಗರಿ ಎಸಿ ಬಸ್, ಅದರಲ್ಲಿ ಶಕ್ತಿ ನಡೆಯುವುದಿಲ್ಲ. ನಾನು ವಾರಕ್ಕೆ ಮೂರು ಸಲ ತವರಿಗೆ, ಹುಬ್ಬಳ್ಳಿಗೆ, ಅವ್ವನನ್ನು ನೋಡಲು ಹೋಗುತ್ತೇನೆ. ಹೋಗಿ ಬರುವ ರೊಕ್ಕ ಉಳಿದರೆ ಅವ್ವನಿಗೆ ಹಣ್ಣು ಬರುತ್ತದೆ. ಹಾಗಾಗಿ ತಡ ಆದರೂ ಸಾದಾ ಬಸ್ಸೇ. ಅದು ಬಾಜೂಕಿನ ಗದ್ದಲದ ಲೇನಿನಲ್ಲಿ ಕಾರು, ಟಂಟಂ ಜೊತೆ ಸಿಕ್ಕಿಕೊಂಡಿರುತ್ತದೆ. ಕಿಟಕಿಯಿಂದ ನೋಡಿದರೆ ಪಕ್ಕದಲ್ಲಿ ಚಿಗರಿ ಸುಯ್ಯಂತ ಹೋಗುತ್ತದೆ, ಒಳಗೆ ಅರ್ಧ ಸೀಟು ಖಾಲಿ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಆ ಸಾದಾ ಬಸ್ಸನ್ನೇ ನಡುವಿನ ಲೇನಿಗೆ ಹಾಕಿದರೆ ಏನು ಗಂಟು ಹೋಗುತ್ತದೆ?

ಬಿವಿಬಿ ಹುಡುಗ · 3.44

ವೈನಿ, ಹಾಕಲು ಬರುವುದಿಲ್ಲ. ನಿಲ್ದಾಣ ಬಸ್ಸಿನ ಬಲಗಡೆಗೆ ಬರುತ್ತದೆ, ಸಾದಾ ಬಸ್ಸಿಗೆ ಬಾಗಿಲು ಎಡಗಡೆ. ಬಲಗಡೆ ಬಾಗಿಲು ಇದ್ದರೂ ನೆಲದ ಎತ್ತರ ಪ್ಲಾಟ್‌ಫಾರ್ಮಿಗೆ ಸಮ ಆಗಬೇಕು, ಇಲ್ಲದಿದ್ದರೆ ಹಳ್ಳ ದಾಟಿದ ಹಾಗೆ ಕಾಲು ಹಾಕಬೇಕು. ಸಾದಾ ಬಸ್ ಆ ಲೇನಿನಲ್ಲಿ ಓಡಬಹುದು, ಆದರೆ ನಡುವೆ ಯಾರನ್ನೂ ಹತ್ತಿಸುವ ಹಾಗಿಲ್ಲ.

ನಿವೃತ್ತ ಕಂಡಕ್ಟರ್ · 4.05

ಹುಡುಗ ಹೇಳಿದ್ದು ಸರಿ. ಆದರೆ ವೈನಿ ಕೇಳಿದ್ದೂ ಸರಿ. ಮುಂದೆ ಕೊಳ್ಳುವ ಬಸ್ ಎಲ್ಲಾ ಎಸಿನೇ ಆಗಬೇಕು ಅಂತ ಎಲ್ಲಿ ಬರೆದಿದೆ? ಬಲಬಾಗಿಲು ಇರುವ, ಎತ್ತರ ಹೊಂದುವ, ಎಸಿ ಇಲ್ಲದ ಬಸ್ ಮಾಡಿಸಬಹುದು. ಧಾರವಾಡದ ಹವೆಗೆ ವರ್ಷದಲ್ಲಿ ಬಹಳ ತಿಂಗಳು ಕಿಟಕಿ ತೆರೆದರೆ ಸಾಕು, ಏಪ್ರಿಲ್ ಮೇ ಬಿಟ್ಟರೆ. ಅದು ಸಾದಾ ಬಸ್ ಅಂತ ಲೆಕ್ಕಕ್ಕೆ ಬಂದರೆ ಶಕ್ತಿಯೂ ನಡೆಯುತ್ತದೆ, ಗದ್ದಲದ ಲೇನಿನಲ್ಲಿ ಒದ್ದಾಡುವ ಬಸ್ಸೂ ಕಡಿಮೆ ಆಗುತ್ತವೆ. ಎಸಿ ಕೆಡುವ ತಾಪತ್ರಯವೂ ಇಲ್ಲ. ಕಿಟಕಿ ತೆರೆಯಲು ಬಾರದ ಬಸ್ಸಿನಲ್ಲಿ ಎಸಿ ಕೆಟ್ಟರೆ ಏನಾಗುತ್ತದೆ ಅಂತ ಬೆವತವರಿಗೇ ಗೊತ್ತು.

ಗದಗಿನಿಂದ ಬಂದವ · 4.30

ನಾನು ಕಲಿಯಲು ಗದಗಿನಿಂದ ಬಂದು ಸಪ್ತಾಪುರದಲ್ಲಿ ರೂಮ್ ಮಾಡಿದ್ದೇನೆ. ಕೆಎಎಸ್ ಕೋಚಿಂಗ್. ಗದಗ ಬಸ್ ಹುಬ್ಬಳ್ಳಿಯಲ್ಲಿ ಇಳಿಸುತ್ತದೆ, ಅಲ್ಲಿಂದ ಚಿಗರಿ ಹತ್ತಿ ಜ್ಯುಬಿಲಿ ಸರ್ಕಲ್‌ಗೆ ಬರುವುದು ಖುಷಿ ಪ್ರಯಾಣ. 100 ಡಿ ನಂಬರಿನ ಚಿಗರಿ ಸಿಕ್ಕರಂತೂ ನಡುವಿನ ನಿಲ್ದಾಣ ಬಿಟ್ಟು ನೇರ. ನಿಲ್ದಾಣದ ಹತ್ತಿರ ಲೇನ್ ಅಗಲ ಇರುವಲ್ಲಿ ನಿಂತ ಬಸ್ಸನ್ನು ದಾಟಿಕೊಂಡು ಹೋಗುತ್ತದೆ, ಅದನ್ನು ಮೊದಲ ಸಲ ನೋಡಿದಾಗ ಅಬ್ಬಾ ಅನ್ನಿಸಿತ್ತು.

ಆಮೇಲೆ ಶುರು. ಜ್ಯುಬಿಲಿ ಸರ್ಕಲ್‌ನಿಂದ ಸಪ್ತಾಪುರಕ್ಕೆ ರಾತ್ರಿ ಆಟೋದವರು ಕೇಳುವ ರೊಕ್ಕ ಹುಬ್ಬಳ್ಳಿಯಿಂದ ಬಂದ ರೊಕ್ಕಕ್ಕಿಂತ ಜಾಸ್ತಿ. ಸಿಟಿ ಬಸ್ ಹತ್ತಿದರೆ ಮತ್ತೊಂದು ಟಿಕೆಟ್. ಬೆನ್ನ ಮೇಲೆ ಪುಸ್ತಕದ ಗಂಟು ಹೊತ್ತು ಎಷ್ಟೋ ಸಲ ನಡೆದೇ ಹೋಗಿದ್ದೇನೆ.

ನವನಗರದವ · 5.15

ನಾನು ಬೆಳಿಗ್ಗೆ 'ಎರಡೂ ತುದಿ' ಅಂದದ್ದು ಇದನ್ನೇ. ನೋಡಿ, 2018ರ ಅಕ್ಟೋಬರ್ 2ಕ್ಕೆ ಪ್ರಾಯೋಗಿಕವಾಗಿ ಬಸ್ ಬಿಟ್ಟರು, 2020ರ ಫೆಬ್ರುವರಿ 2ಕ್ಕೆ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ಉದ್ಘಾಟನೆ ಮಾಡಿದರು. ಎಲ್ಲರ ಕಣ್ಣೂ ಆ 22 ಕಿಲೋಮೀಟರ್ ಮೇಲೆಯೇ ಇತ್ತು. ರಸ್ತೆ ಅಗಲ ಮಾಡುವುದು, ನಿಲ್ದಾಣ, ಸೇತುವೆ, ಬಸ್. ಆದರೆ ಈ ಊರಿನ ಜನ ಪಿ.ಬಿ. ರೋಡಿನ ಮೇಲೆ ಮನೆ ಮಾಡಿಲ್ಲವಲ್ಲ! ಕೇಶ್ವಾಪುರ, ಗೋಕುಲ ರೋಡ್, ಹಳೇ ಹುಬ್ಬಳ್ಳಿ, ಸಪ್ತಾಪುರ, ಕೆಲಗೇರಿ, ಯೂನಿವರ್ಸಿಟಿ. ಐಐಟಿ ಚಿಕ್ಕಮಲ್ಲಿಗವಾಡದಲ್ಲಿ, ಹೈಕೋರ್ಟ್ ಪೀಠ ಬೆಳಗಾವಿ ಕಡೆ ಬೇಲೂರಿನ ಹತ್ತಿರ. ಎಲ್ಲಾ ರಸ್ತೆಯಿಂದ ಆಚೆ.

ಆ ಕಡೆಗಳಿಂದ ಸಣ್ಣ ಬಸ್ ಬಂದು ಚಿಗರಿ ನಿಲ್ದಾಣದ ಬಾಗಿಲಿಗೆ ಬಿಡಬೇಕು. ಒಂದೇ ಟಿಕೆಟ್ ಎರಡಕ್ಕೂ ನಡೆಯಬೇಕು, ಮೊದಲನೆಯದರಲ್ಲಿ ಹತ್ತಿದ ಮೇಲೆ ಒಂದೂವರೆ ತಾಸಿನೊಳಗೆ ಯಾವ ಬಸ್ ಹತ್ತಿದರೂ ಮತ್ತೆ ರೊಕ್ಕ ಬೇಡ ಅನ್ನುವ ಹಾಗೆ. ಈಗ ಊರಿನ ಬಸ್ ಬಹಳಷ್ಟು ಉದ್ದಕ್ಕೆ ಇದೇ ರಸ್ತೆ ಹಿಡಿದು ಓಡುತ್ತವೆ, ಚಿಗರಿ ಹಿಂದೆ ಮುಂದೆ. ಅದೇ ಗಾಡಿಗಳನ್ನು ಅಡ್ಡಕ್ಕೆ ಓಡಿಸಿ ಅಂತ ನನ್ನ ಮಾತು.

ಟೋಲ್‌ನಾಕಾ ಅಂಗಡಿ · 5.40

ಅದಕ್ಕೆ ಬಸ್ ಎಲ್ಲಿಂದ ತರುತ್ತೀರಿ? ರೊಕ್ಕ? 2025ರ ಜನವರಿ 5ಕ್ಕೆ ಸರಕಾರಿ ಬಸ್ ದರ 15 ಪರ್ಸೆಂಟ್ ಏರಿಸಿದ್ದಾರೆ, ಆದರೂ ಸಂಸ್ಥೆಗಳು ಸಾಲ ಸಾಲ ಅನ್ನುತ್ತಿವೆ. ಈಗ ಎಲೆಕ್ಟ್ರಿಕ್ ರ್ಯಾಪಿಡ್ ಟ್ರಾನ್ಸಿಟ್ ಅಂತ ಹೊಸ ಮಾತು ಬೇರೆ, ಉದ್ದನೆಯ ಗಾಡಿ ಬರುತ್ತದೆ ಅಂತ.

ಬಿವಿಬಿ ಹುಡುಗ · 6.05

ಉದ್ದನೆಯ ಗಾಡಿ ಬಂದರೂ ಅದೇ ಸಿಗ್ನಲ್ ಮುಂದೆ ನಿಲ್ಲಬೇಕಲ್ಲ ಅಂಕಲ್. ಬಸ್ ಎಲ್ಲಿಂದ ಅಂದಿರಿ. ಟೈಮ್ ಉಳಿಸಿದರೆ ಬಸ್ ಸಿಗುತ್ತದೆ, ಇದು ನನಗೆ ತುಂಬಾ ಇಷ್ಟದ ಲೆಕ್ಕ, ಸ್ವಲ್ಪ ತಾಳ್ಮೆಯಿಂದ ಓದಿ.

ಒಂದು ಬಸ್ ಹೋಗಿ ಬಂದು ಮತ್ತೆ ಹೊರಡಲು 120 ನಿಮಿಷ ಬೇಕು ಅಂದುಕೊಳ್ಳೋಣ. ಮೂರು ನಿಮಿಷಕ್ಕೊಂದು ಬಸ್ ಬೇಕಾದರೆ 40 ಬಸ್ ರಸ್ತೆ ಮೇಲೆ ಇರಬೇಕು. ಸಿಗ್ನಲ್, ಜ್ಯಾಮ್ ಅಂತ ಹೋಗುವಾಗ 10 ನಿಮಿಷ, ಬರುವಾಗ 10 ನಿಮಿಷ ತಡ ಆಯಿತು ಅನ್ನಿ. 140 ನಿಮಿಷ. ಈಗ ಅದೇ ಮೂರು ನಿಮಿಷದ ಅಂತರಕ್ಕೆ 47 ಬಸ್ ಬೇಕು. ಏಳು ಬಸ್, ಏಳು ಬಸ್ಸಿನ ಡ್ರೈವರ್‌ಗಳು, ಡೀಸೆಲ್, ಎಲ್ಲವೂ ಬರೀ ಕೆಂಪು ದೀಪ ನೋಡುತ್ತಾ ನಿಲ್ಲಲು. ಆ ಏಳು ಉಳಿಸಿದರೆ ಎಸಿ ಬಸ್ಸೇ ಸಪ್ತಾಪುರಕ್ಕೆ ಹೋಗಬೇಕು ಅಂತಲ್ಲ, ಅದರ ಖರ್ಚು ಆ ಕಡೆ ತಿರುಗುತ್ತದೆ.

ಯೋಜನೆಗೆ ಬಂದ ಚಿಗರಿ ಬಸ್ಸೇ 100. ಆರೇಳು ವರ್ಷ ಓಡಿವೆ, ರಿಪೇರಿಗೆ ನಿಲ್ಲುವವು ನಿಲ್ಲುತ್ತವೆ. ಆದರೂ ಬಸ್ಸಿಗೆ ಸಿಗ್ನಲಿನಲ್ಲಿ ಮೊದಲ ಮರ್ಯಾದೆ ಕೊಟ್ಟರೆ, ಅಂದರೆ ಬಸ್ ಹತ್ತಿರ ಬಂದಾಗ ಹಸಿರು ನಾಲ್ಕೈದು ಸೆಕೆಂಡ್ ಜಾಸ್ತಿ ಹಿಡಿದರೆ, ಇದ್ದ ಬಸ್ಸಿನಲ್ಲೇ ಕೆಲಸ ಬಹಳ ಆಗುತ್ತದೆ.

ನಿವೃತ್ತ ಕಂಡಕ್ಟರ್ · 6.30

ಭಲೇ. ಒಂದೇ ತಿದ್ದುಪಡಿ. ಚನ್ನಮ್ಮ ಸರ್ಕಲ್ ಕಡೆ ಫ್ಲೈಓವರ್ ಕೆಲಸದ ತಡ ಸಿಗ್ನಲಿನಿಂದ ಹೋಗುವುದಿಲ್ಲ. ಆ ತುದಿಯ ಜ್ಯಾಮ್ ಇಡೀ 22 ಕಿಲೋಮೀಟರಿನ ಟೈಮ್ ಕೆಡಿಸುತ್ತದೆ. ಅದಕ್ಕೆ ಕೆಲವು ಬಸ್ಸನ್ನು ಹೊಸೂರಿನಿಂದಲೇ ತಿರುಗಿಸಿ ಧಾರವಾಡಕ್ಕೆ ಕಳಿಸಬೇಕು. ರೈಲ್ವೆ ಸ್ಟೇಷನ್‌ವರೆಗೆ ಹೋಗುವ ಬಸ್ ಬೇರೆ, ಹೊಸೂರಿನಿಂದ ಹೊರಡುವುದು ಬೇರೆ. ಹಂಗಾದರೆ ಪೇಟೆಯ ಗದ್ದಲ ಸತ್ತೂರಿನಲ್ಲಿ ಕಾಯುವವರಿಗೆ ತಟ್ಟುವುದಿಲ್ಲ.

ಟೋಲ್‌ನಾಕಾ ಅಂಗಡಿ · 6.48

ನಾನು ಲೇನ್ ತೆಗೆಯಿರಿ ಅನ್ನುವುದನ್ನು ಪೂರಾ ಬಿಟ್ಟಿಲ್ಲ, ಮೊದಲೇ ಹೇಳುತ್ತೇನೆ. ಆದರೆ ಮೂರು ನಿಮಿಷದ ಮಾತು ಸರಿ ಅನ್ನಿಸಿತು. ಹಂಗೆ ಬಸ್ ಬಂದರೆ ನಾನೇ ಅಂಗಡಿಗೆ ಬೈಕ್ ಬಿಟ್ಟು ಬರುತ್ತೇನೆ. ಬರದಿದ್ದರೆ ಲೇನ್ ಬಿಡಿ ಅಂತ ಕೇಳುವ ಹಕ್ಕು ನನ್ನದು. ಈಗ ಎಷ್ಟು ನಿಮಿಷಕ್ಕೊಂದು ಬರುತ್ತಿದೆ ಅಂತ ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?

ನವನಗರದವ · 7.20

ಅದೇ ನೋಡಿ, ಮನವಿ ಕೊಡಲು ಹೋದರೆ ಮೊದಲು ಕೇಳುವುದೂ ಇದನ್ನೇ. ಬಾಯಿಮಾತಿನಲ್ಲಿ 'ಭಾಳ ತಡ ಆಗುತ್ತದೆ' ಅಂದರೆ ಯಾರೂ ಕೇಳುವುದಿಲ್ಲ. ನಾವೇ ಎಣಿಸೋಣ. ಬರುವ ಸೋಮವಾರ ಸಂಜೆ 5ರಿಂದ 7. ನಾನು ನವನಗರ. ಟೋಲ್‌ನಾಕಾ ಅಂಗಡಿಯವರು ಕೂತಲ್ಲಿಂದಲೇ ಬರೆಯಬಹುದು. ಬಿವಿಬಿ ನಿಲ್ದಾಣ ನಮ್ಮ ಹುಡುಗನಿಗೆ. ಕಂಡಕ್ಟರ್ ಕಾಕಾ?

ನಿವೃತ್ತ ಕಂಡಕ್ಟರ್ · 7.31

ಉಣಕಲ್ ಕ್ರಾಸ್ ನನಗೆ ಕೊಡಿ. ಮನೆಗೆ ಹತ್ತಿರ, ಗಿರ್ಮಿಟ್ಟೂ ಸಿಗುತ್ತದೆ.

ಸತ್ತೂರ ಸಿಸ್ಟರ್ · 8.10

ಸೋಮವಾರ ನನ್ನದು ಬೆಳಗಿನ ಪಾಳಿ, ಸಂಜೆ ಬಿಡುವಿದೆ. ಸತ್ತೂರು ನಾನು ಬರೆಯುತ್ತೇನೆ. ರಸ್ತೆ ದಾಟಲು ಎಷ್ಟು ಹೊತ್ತು ನಿಂತೆ ಅಂತಲೂ ಬೇರೆ ಸಾಲಿನಲ್ಲಿ ಬರೆಯುತ್ತೇನೆ, ಅದು ಬಿಡುವುದಿಲ್ಲ.

ಕೆಲಗೇರಿ ವೈನಿ · 8.26

ನಾನು ಜ್ಯುಬಿಲಿ ಸರ್ಕಲ್. ಸಾದಾ ಬಸ್ಸನ್ನೂ ಎಣಿಸುತ್ತೇನೆ, ಅದರಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ನಿಂತುಕೊಂಡು ಹೋಗುತ್ತಾರೆ ಅಂತಲೂ. ಮಗನ ಹಳೇ ನೋಟ್‌ಬುಕ್ ಇದೆ.

ನಿವೃತ್ತ ಕಂಡಕ್ಟರ್ · 8.40

ಎಲ್ಲರೂ ಒಂದು ನೆನಪಿಡಿ. ಬಸ್ ಬಂದ ಟೈಮ್ ಬರೆಯಬೇಡಿ. ದೂರದಲ್ಲಿ ಕಂಡಾಗ ಒಬ್ಬ ಬರೆಯುತ್ತಾನೆ, ನಿಂತಾಗ ಇನ್ನೊಬ್ಬ ಬರೆಯುತ್ತಾನೆ, ಲೆಕ್ಕ ಹೊಂದುವುದಿಲ್ಲ. ಬಾಗಿಲು ಮುಚ್ಚಿ ಬಸ್ ಹೊರಟ ಟೈಮ್ ಬರೆಯಿರಿ. ಬಸ್ಸಿನ ನಂಬರ್, ರೂಟ್ ನಂಬರ್, ಹೊರಟ ಟೈಮ್, ನಿಂತು ಹೋಗುವವರು ಇದ್ದರಾ ಇಲ್ಲಾ. ನಾಲ್ಕೇ ಕಾಲಂ. ಮೊಬೈಲಿನ ಟೈಮ್ ನೋಡಿ, ಕೈಗಡಿಯಾರ ಬೇಡ, ಒಬ್ಬೊಬ್ಬರದು ಒಂದೊಂದು ಟೈಮ್ ಇರುತ್ತದೆ.